ಎಣ್ಣೆ ಡಬ್ಬಿಯ ಲೆಕ್ಕ

ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿ ಚೀಟಿ ಎತ್ತಿದಾಗ ನನಗೆ ಬಂದ ಸೆಮಿನಾರ್ ವಿಷಯ ರಾತ್ರಿ ಆಕಾಶದ ನೇರಳಾತೀತ ಹೊಳಪು. ನಮ್ಮದು ದಿನಸಿ ಅಂಗಡಿ. ಅಂಗಡಿ ಮುಚ್ಚಿದ ಮೇಲೆ ಆಕಾಶ ಕಪ್ಪಗಿರುತ್ತದೆ ಅನ್ನುವುದಷ್ಟೇ ನನಗೆ ಗೊತ್ತಿತ್ತು.

ಬಾಯಿಪಾಠ ಮಾಡಿಕೊಂಡು ಹೋಗಿ ಒಪ್ಪಿಸಿದೆ. 1957ರಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದವರು ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಿಂದ ರಾತ್ರಿ ಹೊತ್ತು ಏರೋಬೀ ರಾಕೆಟ್ ಹಾರಿಸಿದರು. ಈ ಬೆಳಕನ್ನು ಗಾಳಿ ನುಂಗಿಬಿಡುತ್ತದೆ, ಹಾಗಾಗಿ ಮೇಲೆ ಹೋಗಿಯೇ ಅಳೆಯಬೇಕು. ಅಲ್ಲಿ ಇಡೀ ಆಕಾಶ 121.6 ನ್ಯಾನೋಮೀಟರ್ ಅಲೆಯುದ್ದದಲ್ಲಿ, ಅಂದರೆ ಜಲಜನಕದ ಪರಮಾಣು ಹೊಮ್ಮಿಸುವ ಲೈಮನ್ ಆಲ್ಫಾ ಎಂಬ ಬೆಳಕಿನಲ್ಲಿ, ಹೊಳೆಯುತ್ತಿತ್ತು.

"121.6 ಅಂತ ಹೇಗೆ ಗೊತ್ತಾಯ್ತಪ್ಪಾ?" ಎಂದರು ಮೇಷ್ಟ್ರು.

ನಾನು ಕಂಬದ ಹಾಗೆ ನಿಂತೆ.

"ನಿಮ್ಮಪ್ಪ ಎಣ್ಣೆ ಹೇಗೆ ತೂಗ್ತಾರೆ?"

"ಡಬ್ಬಿ ಸಮೇತ ತೂಗಿ, ಆಮೇಲೆ ಡಬ್ಬಿ ತೂಕ ಕಳೀತಾರೆ ಸಾರ್."

"ಅಷ್ಟೇ ಕಣೋ!"

ಬೋರ್ಡಿನ ಮೇಲೆ ರಾಕೆಟ್‌ನಲ್ಲಿದ್ದ, ಬೆಳಕು ಅಳೆಯುವ ಎರಡು ಕೊಳವೆ ಬರೆದರು. ಎರಡರೊಳಗೂ ನೈಟ್ರಿಕ್ ಆಕ್ಸೈಡ್ ಅನಿಲ. 134 ನ್ಯಾನೋಮೀಟರ್‌ಗಿಂತ ಉದ್ದದ ಅಲೆಗೆ ಅದು ಜಗ್ಗುವುದಿಲ್ಲ. ಒಂದರ ಬಾಯಿಗೆ ಲಿಥಿಯಂ ಫ್ಲೋರೈಡ್ ಕಿಟಕಿ: ಸುಮಾರು 105ರಿಂದ ಮೇಲಿನದೆಲ್ಲ ಒಳಗೆ. ಇನ್ನೊಂದಕ್ಕೆ ಕ್ಯಾಲ್ಸಿಯಂ ಫ್ಲೋರೈಡ್: 122ರ ಆಚೆಯದು ಮಾತ್ರ ಒಳಗೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಎಣ್ಣೆ: 105ರಿಂದ 122ರ ನಡುವಿನ ಬೆಳಕು, 121.6 ಇರುವುದು ಅಲ್ಲೇ. ಇಷ್ಟು ಸಲೀಸಾದ ಜಾಣತನವನ್ನು ನಾನು ಆಮೇಲೆ ಎಲ್ಲೂ ಜಾಸ್ತಿ ನೋಡಿಲ್ಲ.

ರಾತ್ರಿಯಲ್ಲಿ ಆ ಬೆಳಕು ಬಂದದ್ದಾದರೂ ಎಲ್ಲಿಂದ? ಮೇಷ್ಟ್ರು ನಮ್ಮನ್ನು ಕಿಟಕಿಗೆ ಕರೆದರು. ಸಂಜೆಯಾಗಿತ್ತು. ಬೀದಿಗೆಲ್ಲ ನೆರಳು, ಗುಡಿಯ ಕಳಸಕ್ಕೆ ಮಾತ್ರ ಇನ್ನೂ ಬಿಸಿಲು. "ಭೂಮಿ ಸುತ್ತ ತೆಳ್ಳಗೆ ಜಲಜನಕ ಹರಡಿದೆ, ಸಾವಿರಾರು ಕಿಲೋಮೀಟರ್. ನಮಗೆ ರಾತ್ರಿಯಾದ್ರೂ ಅದಕ್ಕೆ ಬಿಸಿಲು ಬೀಳ್ತಾನೇ ಇರುತ್ತೆ." ಸೂರ್ಯನಿಗೆ ನೇರ ಬೆನ್ನಾದ ದಿಕ್ಕಿನಲ್ಲಿ ರಾಕೆಟ್‌ಗೆ ಹೊಳಪು ಕಡಿಮೆ ಕಂಡಿದ್ದೂ ಆಗ ಅರ್ಥವಾಯಿತು. ಅಲ್ಲಿ ಭೂಮಿಯದೇ ನೆರಳು, ಅಲ್ವಾ?

1972ರಲ್ಲಿ ಅಪೊಲೊ 16 ಚಂದ್ರನ ಮೇಲಿಳಿದಾಗ, ಜಾರ್ಜ್ ಕ್ಯಾರದರ್ಸ್ ರೂಪಿಸಿದ ಕ್ಯಾಮೆರಾ ಆ ಜಲಜನಕದ ಮುಸುಕಿನ ಫೋಟೋನೇ ತೆಗೆಯಿತು. ಅದರ ಒಂದು ಪ್ರತಿಯನ್ನು ಮೇಷ್ಟ್ರು ಮೈದಾ ಅಂಟು ಹಚ್ಚಿ ಲ್ಯಾಬಿನ ಬೀರುವಿಗೆ ಅಂಟಿಸಿದ್ದರು. ಅಂಟಿನ ಆಸೆಗೆ ಜಿರಲೆಗಳು ಅದರ ಅಂಚನ್ನೆಲ್ಲ ತಿಂದುಹಾಕಿದ್ದವು. ಹೊಳಪು ಮಾತ್ರ ಉಳಿದಿತ್ತು.