ಕಣಿ ಬಿಡಿಸುವ ಕಾಲ

ಉಡುಪಿ ಕಡೆ ಮಳೆ ಹಿಡಿಯುವ ಮೊದಲು ಅಡಿಕೆ ತೋಟದ ಕಣಿ, ಅಂದರೆ ನೀರು ಹರಿದು ಹೋಗುವ ಕಾಲುವೆ, ಬಿಡಿಸಲೇಬೇಕು. ಸಾಮಾನ್ಯವಾಗಿ ಎರಡು ಸಾಲು ಮರಕ್ಕೆ ಒಂದು ಕಣಿ, ಗಿಡ ನೆಟ್ಟ ಹೊಂಡಕ್ಕಿಂತ ಸ್ವಲ್ಪ ಜಾಸ್ತಿ ಆಳ. ಮಣ್ಣು, ಸೋಗೆ ತುಂಬಿ ಕಟ್ಟಿಕೊಂಡರೆ ನೀರು ಬುಡದಲ್ಲೇ ನಿಲ್ಲುತ್ತದೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ.

ಮನುಷ್ಯರ ಕಾಲೂ ಹಾಗೇ ಅಲ್ವಾ? 1914ರಲ್ಲಿ ಶುರುವಾದ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂ ಕಂದಕಗಳ ಕೆಸರಲ್ಲಿ ನಿಂತು ನಿಂತು ಸೈನಿಕರ ಪಾದ ಕೊಳೆಯುತ್ತಿತ್ತು. ಅದಕ್ಕೆ ಟ್ರೆಂಚ್ ಫೂಟ್ (ಕಂದಕದ ಪಾದ) ಅಂತಲೇ ಹೆಸರು. ನಮ್ಮ ದೇಶದ ಸೈನಿಕರೂ ಅಲ್ಲಿದ್ದರು ಪಾಪ. ಅಲ್ಲಿ ಅಧಿಕಾರಿಗಳು ಹಾಕುತ್ತಿದ್ದ ಟ್ರೆಂಚ್ ಕೋಟ್ ಈಗ ಫ್ಯಾಶನ್! ನಮ್ಮೂರ ಸೆಕೆಗೆ ಬೇಡವೇ ಬೇಡ.

ಮಂಗಳೂರಲ್ಲಿ ಕೇಬಲ್‌ಗೆ ಅಂತ ಅಗೆದು ಅರ್ಧ ಮುಚ್ಚಿದ ರಸ್ತೆಗಳ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಈಗ ಸುಮ್ನೆ ಬಿಪಿ ಏರುತ್ತದೆ.