ಗೆಳೆಯನ ನೋಟ್‌ಬುಕ್ ಹಿಡಿದು ಓಡಿದ ಹುಡುಗ

ಉತ್ತರ ಇರಾನಿನ ಕೋಕೆರ್ ಎಂಬ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಹೋಮ್‌ವರ್ಕ್ ನೋಡುತ್ತಿದ್ದಾರೆ. ಮೊಹಮ್ಮದ್ ರೆಜಾ ನೆಮಾತ್‌ಜಾದೆ ಎಂಬ ಹುಡುಗ ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಬರೆದು ತಂದಿದ್ದಾನೆ. ಮೇಷ್ಟ್ರು ಅದನ್ನು ಅವನ ಕಣ್ಣೆದುರೇ ಹರಿದುಹಾಕಿ, ಇನ್ನೊಂದು ಸಲ ಹೀಗೆ ಮಾಡಿದರೆ ಶಾಲೆಯಿಂದಲೇ ಹೊರಗೆ ಹಾಕುವುದಾಗಿ ಎಚ್ಚರಿಸುತ್ತಾರೆ. ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಾನೆ. ಪಕ್ಕದಲ್ಲಿ ಕುಳಿತ ಅಹ್ಮದ್ ಕಣ್ಣು ಅಗಲಿಸಿ ಅವನನ್ನೇ ನೋಡುತ್ತಾನೆ. ಶಾಲೆ ಬಿಟ್ಟ ಮೇಲೆ ಆ ಹುಡುಗ ಓಡುತ್ತಾ ಬಿದ್ದಾಗ ಅವನನ್ನು ಎಬ್ಬಿಸುವವನೂ ಅಹ್ಮದನೇ. ಮನೆಗೆ ಬಂದು ಚೀಲ ಬಿಚ್ಚಿದರೆ ಒಂದೇ ಬಗೆಯ ರಟ್ಟಿನ ಎರಡು ನೋಟ್‌ಬುಕ್ಕುಗಳಿವೆ, ಅವುಗಳಲ್ಲಿ ಒಂದು ಗೆಳೆಯನದು. ಅದನ್ನು ಇಂದೇ ತಲುಪಿಸದಿದ್ದರೆ ನಾಳೆ ಗೆಳೆಯನಿಗೆ ಶಾಲೆ ಇಲ್ಲ.

ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಮಾಡಿದ ‘ಗೆಳೆಯನ ಮನೆ ಎಲ್ಲಿ?’ ಚಿತ್ರದ ಕಥೆ ಇಷ್ಟೇ. ಗೆಳೆಯನ ಊರಾದ ಪೋಶ್ತೆ ಗುಡ್ಡದ ಆಚೆಗಿದೆ, ಅಲ್ಲಿ ಅವನ ಮನೆ ಯಾವುದೆಂದು ಅಹ್ಮದನಿಗೆ ಗೊತ್ತಿಲ್ಲ, ಹೋಗಲು ಅಮ್ಮನ ಅಪ್ಪಣೆಯೂ ಇಲ್ಲ. ಬಾಲ್ಯ ದಾಟಿ ಬೆಳೆಯುವ ಮಕ್ಕಳ ಕುರಿತ ಚಿತ್ರಗಳಲ್ಲಿ ಸಾಮಾನ್ಯವಾಗಿ ಮೊದಲ ಪ್ರೀತಿ ಇರುತ್ತದೆ, ಮನೆ ಬಿಟ್ಟು ಓಡುವ ರಾತ್ರಿ ಇರುತ್ತದೆ, ಹತ್ತಿರದವರ ಸಾವು ಇರುತ್ತದೆ. ಇಲ್ಲಿ ಅವು ಯಾವುವೂ ಇಲ್ಲ. ಎಂಟು ವರ್ಷದ ಹುಡುಗನೊಬ್ಬ ಇನ್ನೊಬ್ಬರ ಕಷ್ಟವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು, ಅದನ್ನು ಕೆಳಗಿಳಿಸಲು ಒಪ್ಪದಿರುವುದನ್ನೇ ಕಿಯಾರೊಸ್ತಮಿ ಬೆಳೆಯುವುದು ಎಂದು ತೋರಿಸುತ್ತಾರೆ. ಈ ವಿಷಯದ ಮೇಲೆ ನಾನು ಕಂಡ ಚಿತ್ರಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು.

ರಜೆಗೆ ಬಂದಿದ್ದ ಅಕ್ಕನ ಮಗಳೊಡನೆ ಇದನ್ನು ಮತ್ತೆ ನೋಡಿದೆ. ಚಿತ್ರದ ಮೊದಲ ಭಾಗದಲ್ಲಿ ಬಹಳ ಹೊತ್ತು ನಡೆಯುವ ಒಂದು ಸನ್ನಿವೇಶವಿದೆ. ಅಹ್ಮದನ ಅಮ್ಮ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ, ಮಗು ಅಳುತ್ತಿದೆ, ಮನೆಗೆಲಸ ಮುಗಿಯುವಂತಿಲ್ಲ. ಗೆಳೆಯನ ನೋಟ್‌ಬುಕ್ ನನ್ನ ಹತ್ತಿರ ಬಂದುಬಿಟ್ಟಿದೆ, ಕೊಟ್ಟು ಬರಬೇಕು ಎಂದು ಅಹ್ಮದ್ ಹೇಳುತ್ತಾನೆ. ಮೊದಲು ಹೋಮ್‌ವರ್ಕ್ ಮುಗಿಸು ಎಂದು ಅವಳು ಗದರುತ್ತಾಳೆ, ಆಮೇಲೆ ಮಗುವನ್ನು ತೂಗು ಎನ್ನುತ್ತಾಳೆ, ಇನ್ನೊಂದನ್ನು ಮಾಡು, ಮತ್ತೊಂದನ್ನು ತಾ ಎನ್ನುತ್ತಾಳೆ. ಪ್ರತಿ ಸಲವೂ ಅವನು ಎದ್ದು ಹೇಳಿದ ಕೆಲಸ ಮಾಡಿ, ಮತ್ತೆ ಬಂದು ಅದೇ ಮಾತನ್ನು ಹೇಳುತ್ತಾನೆ. ನಮ್ಮ ಹುಡುಗಿಗೆ ಸಹನೆ ಕೆಟ್ಟಿತು. “ಮಾಮ, ಅವ್ನು ಎಷ್ಟು ಸಲ ಹೇಳ್ತಿದಾನೆ ನೋಡು, ಅವ್ರಮ್ಮ ಕೇಳಿಸ್ಕೊಳ್ತಾನೇ ಇಲ್ಲ” ಎಂದು ಗಟ್ಟಿಯಾಗಿ ಹೇಳಿದಳು. ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು. ಮಕ್ಕಳಿಗೆ ಈ ಅನುಭವ ಎಷ್ಟು ಚೆನ್ನಾಗಿ ಗೊತ್ತೆಂಬುದು ಅವಳ ಮುಖ ನೋಡಿ ನನಗೆ ತಿಳಿಯಿತು.

ಈ ಚಿತ್ರದಲ್ಲಿ ದುಷ್ಟರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಅಮ್ಮ ಕೆಟ್ಟವಳಲ್ಲ, ಕೈತುಂಬ ಕೆಲಸವಿರುವವಳು. ಮೇಷ್ಟ್ರು ಕೂಡ ಮಕ್ಕಳು ಶಿಸ್ತು ಕಲಿಯಲಿ ಎಂದೇ ಬಯಸುವವರು. ದಾರಿಯಲ್ಲಿ ಸಿಗುವ ಅಜ್ಜನದು ಮಾತ್ರ ಸ್ವಲ್ಪ ಬೇರೆ ಬಗೆ. ತನ್ನ ಹತ್ತಿರ ಸಿಗರೇಟ್ ಇದ್ದರೂ ತಂದುಕೊಡು ಎಂದು ಮೊಮ್ಮಗನನ್ನು ಓಡಿಸಿ, ಹುಡುಗ ಹೇಳಿದ ಮಾತು ಕೇಳುವುದನ್ನು ಕಲಿಯಲಿ ಎಂದು ಹಾಗೆ ಮಾಡಿದೆ ಎಂದು ಪಕ್ಕದವನಿಗೆ ವಿವರಿಸುತ್ತಾನೆ. ಚಿಕ್ಕವನಿದ್ದಾಗ ತನ್ನ ಅಪ್ಪ ವಾರಕ್ಕೊಮ್ಮೆ ಕಾಸು ಕೊಟ್ಟು ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತಿದ್ದನೆಂದೂ, ಕಾಸು ಕೊಡುವುದನ್ನು ಕೆಲವೊಮ್ಮೆ ಮರೆಯುತ್ತಿದ್ದರೂ ಹೊಡೆಯುವುದನ್ನು ಎಂದೂ ಮರೆಯುತ್ತಿರಲಿಲ್ಲವೆಂದೂ ಹೇಳಿಕೊಳ್ಳುತ್ತಾನೆ. ಅವನ ಮಾತಿನಲ್ಲಿ ದ್ವೇಷವಿಲ್ಲ. ತಾನು ಬೆಳೆದದ್ದೇ ಸರಿಯಾದ ರೀತಿ ಎಂಬ ನಂಬಿಕೆಯಷ್ಟೇ ಇದೆ. ಇಂಥ ನಂಬಿಕೆಗಳ ನಡುವೆ ಬೆಳೆಯುವ ಹುಡುಗನೊಬ್ಬ, ವಿಧೇಯತೆಗಿಂತ ಗೆಳೆಯ ದೊಡ್ಡವನು ಎಂದು ತಾನೇ ತೀರ್ಮಾನಿಸಿ, ರೊಟ್ಟಿ ತರಲು ಹೊರಟವನು ದಿಕ್ಕು ಬದಲಿಸಿ ಗುಡ್ಡದ ಅಂಕುಡೊಂಕು ದಾರಿಯಲ್ಲಿ ಓಡತೊಡಗುತ್ತಾನೆ. ಆ ದಾರಿಯನ್ನು ಚಿತ್ರಕ್ಕೆಂದೇ ಮಾಡಿಸಿದ್ದರು. ಗುಡ್ಡದ ನೆತ್ತಿಯಲ್ಲಿ ಒಂದೇ ಒಂದು ಮರವಿದೆ. ಅಹ್ಮದ್ ಆ ಗುಡ್ಡವನ್ನು ಮತ್ತೆ ಮತ್ತೆ ಹತ್ತಿ ಇಳಿಯುವುದನ್ನು ಕ್ಯಾಮೆರಾ ದೂರದಿಂದ, ಅವಸರವಿಲ್ಲದೆ ನೋಡುತ್ತದೆ.

ದಿನನಿತ್ಯದ ಒಳ್ಳೆಯತನ ಎಂದಾಗ ನಮಗೆ ಮೊದಲು ನೆನಪಾಗುವುದು ಮುಗುಳ್ನಗೆ, ಒಳ್ಳೆಯ ಮಾತು, ಕೊಟ್ಟ ದುಡ್ಡು. ಅವೆಲ್ಲ ಬೇಕು. ಆದರೆ ಈ ಚಿತ್ರವನ್ನು ನೋಡಿದ ಮೇಲೆ ನಾನು ಹೆಚ್ಚಾಗಿ ಗಮನಿಸುವುದು ಬೇರೆ ಎರಡು ಸಂಗತಿಗಳನ್ನು: ಎದುರಿನವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವುದು, ಮತ್ತು ಕೈಗೆತ್ತಿಕೊಂಡದ್ದು ಮುಗಿಯುವವರೆಗೆ ಜೊತೆಗಿರುವುದು. ಎರಡಕ್ಕೂ ಸಮಯ ಬೇಕು, ನಮ್ಮ ಕೆಲಸವನ್ನು ಸ್ವಲ್ಪ ಹೊತ್ತು ಬದಿಗಿಡಬೇಕು. ಹಣಕ್ಕಿಂತ ಅವು ಕಷ್ಟವಾಗಿರುವುದು ಆ ಕಾರಣಕ್ಕೆ ಎಂದು ನನ್ನ ಅನಿಸಿಕೆ.

ಕಳೆದ ತಿಂಗಳು ನಮ್ಮೂರಿನ ಬ್ಯಾಂಕಿನಲ್ಲಿ ಇದನ್ನು ಬಹಳ ಹತ್ತಿರದಿಂದ ನೋಡಿದೆ. ಪಿಂಚಣಿ ಬರುವ ದಿನಗಳಲ್ಲಿ ಅಲ್ಲಿ ಹಣ ತೆಗೆಯುವ ಚೀಟಿ ತುಂಬಿಸಿಕೊಡುವಂತೆ ಕೇಳುವ ಹಿರಿಯರು ಯಾವಾಗಲೂ ಇರುತ್ತಾರೆ. ಅಂದು ಒಬ್ಬ ಅಜ್ಜಿ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನ ಒಳಗಿಟ್ಟುಕೊಂಡು ಬಂದಿದ್ದರು. ಸಾಲಿನಲ್ಲಿ ನನ್ನ ಮುಂದಿದ್ದ ಯುವಕ ಪೆನ್ನು ತೆಗೆದು, “ಎಷ್ಟು ಬರೀಲಿ ಅಜ್ಜಿ?” ಎಂದು ಕೇಳಿದ. ಅವರು ನೇರವಾಗಿ ಮೊತ್ತ ಹೇಳಲಿಲ್ಲ. ಮಗಳ ಮನೆಯಲ್ಲಿ ಹಬ್ಬವಿದೆ ಎಂದರು, ಮಾತ್ರೆ ತರಬೇಕು ಎಂದರು, ಖಾತೆಯಲ್ಲಿ ಎಷ್ಟಿದೆ ಮೊದಲು ನೋಡಪ್ಪ ಎಂದರು. ಅವನು ಪಾಸ್‌ಬುಕ್ಕಿನ ಕೊನೆಯ ಸಾಲನ್ನು ಓದಿದ. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ಯೋಚಿಸಿ ಒಂದು ಮೊತ್ತ ಹೇಳಿದರು. ಅವನು ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಬರೆದದ್ದನ್ನು ಅವರಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿದ. ಅಷ್ಟಕ್ಕೇ ಅವನ ಕೆಲಸ ಮುಗಿಯಿತೆಂದುಕೊಂಡೆ. ಅವನು ಮಾತ್ರ ಸಾಲಿನ ತನ್ನ ಜಾಗವನ್ನು ಬಿಟ್ಟು ಅವರೊಡನೆ ಕೌಂಟರಿಗೆ ಹೋದ, ಕ್ಯಾಷಿಯರ್ ಕೇಳಿದ್ದನ್ನು ಅವರಿಗೆ ತಿಳಿಯುವಂತೆ ಹೇಳಿದ, ಅವರು ನೋಟುಗಳನ್ನು ನಿಧಾನವಾಗಿ ಎಣಿಸಿ ಸೆರಗಿಗೆ ಗಂಟು ಹಾಕುವವರೆಗೆ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಬಂದು ಸಾಲಿನ ಕೊನೆಯಲ್ಲಿ ಸೇರಿಕೊಂಡ. ಮುಂದೆ ಬನ್ನಿ ಎಂದು ನಾವು ಕರೆದರೂ, “ಪರವಾಗಿಲ್ಲ ಸರ್, ನಂಗೇನೂ ಅವಸರ ಇಲ್ಲ” ಎಂದ. ಅವನು ಗಡಿಯಾರ ನೋಡಿಕೊಳ್ಳುತ್ತಿದ್ದುದನ್ನು ನಾನು ಅದಕ್ಕೂ ಮೊದಲೇ ಗಮನಿಸಿದ್ದೆ.

ಇಂಥವು ನಮ್ಮ ಸುತ್ತ ಧಾರಾಳವಾಗಿವೆ, ಅವುಗಳನ್ನು ನೋಡುವ ಅಭ್ಯಾಸ ಮಾತ್ರ ಬೇಕು. ತುಂಬಿದ ಬಸ್ಸಿನಲ್ಲಿ ನಿಂತ ಶಾಲಾ ಮಕ್ಕಳು ತಮ್ಮ ಭಾರದ ಚೀಲಗಳನ್ನು ಕುಳಿತವರಿಗೆ ಕೊಡುತ್ತಾರೆ, ಅವರು ಯಾರ ಮಕ್ಕಳು ಎಂದು ಕೇಳದೆ ಎರಡು ಮೂರು ಚೀಲಗಳನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಮೆಡಿಕಲ್ ಶಾಪಿನ ಹುಡುಗ ಓದು ಬಾರದವರಿಗೆ ಮಾತ್ರೆಯ ಪಟ್ಟಿಯ ಮೇಲೆ ಬೆಳಿಗ್ಗೆಗೊಂದು, ರಾತ್ರಿಗೊಂದು ಗುರುತು ಮಾಡಿಕೊಡುತ್ತಾನೆ. ಊರು ಬಂದಾಗ ಎಬ್ಬಿಸಿ ಎಂದು ಹೇಳಿ ನಿದ್ದೆ ಹೋದವರನ್ನು ಕಂಡಕ್ಟರ್ ನೆನಪಿಟ್ಟು ಎಬ್ಬಿಸುತ್ತಾರೆ. ಇವು ಯಾವುವೂ ಸುದ್ದಿಯಾಗುವಂಥವಲ್ಲ. ಆದರೆ ಇವಿಲ್ಲದೆ ಊರಿನ ಒಂದು ದಿನವೂ ಸರಿಯಾಗಿ ನಡೆಯದು ಎಂದು ನಾನು ದೃಢವಾಗಿ ನಂಬುತ್ತೇನೆ.

ಚಿತ್ರಕ್ಕೆ ಮರಳಿದರೆ, ಅದರಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವವನು ಕತ್ತಲಾದ ಮೇಲೆ ಸಿಗುವ ಮುದುಕ. ಅವನು ಬಡಗಿ, ಊರಿನ ಎಷ್ಟೋ ಮನೆಗಳ ಬಾಗಿಲು ಕಿಟಕಿಗಳನ್ನು ಮಾಡಿದವನು. ಈಗ ಜನ ಮರದ ಬಾಗಿಲು ಕಿತ್ತು ಕಬ್ಬಿಣದ ಬಾಗಿಲು ಹಾಕಿಸುತ್ತಿದ್ದಾರೆ ಎಂಬ ಕೊರಗು ಅವನದು. ನೆಮಾತ್‌ಜಾದೆಯ ಮನೆ ಗೊತ್ತೇ ಎಂದು ಅಹ್ಮದ್ ಕೇಳಿದಾಗ, ಆ ಊರಿನಲ್ಲಿ ಅವನಿಗಾಗಿ ಮನೆಯಿಂದ ಹೊರಬಂದು ಜೊತೆಗೆ ನಡೆಯುವವನು ಅವನೊಬ್ಬನೇ. ಆದರೆ ಅವನ ಹೆಜ್ಜೆ ನಿಧಾನ, ಉಸಿರು ಕಡಿಮೆ, ಮಾತು ಬಹಳ. ತಾನು ಮಾಡಿದ ಕಿಟಕಿಗಳನ್ನು ತೋರಿಸುತ್ತಾನೆ. ಒಳಗಿನ ದೀಪದ ಬೆಳಕು ಅವುಗಳ ಮೂಲಕ ಓಣಿಯ ಗೋಡೆಗಳ ಮೇಲೆ ಚೆಲ್ಲಿರುತ್ತದೆ. ನೀರಿನ ಬಳಿ ನಿಂತು ಮುಖ ತೊಳೆದುಕೊಂಡು, ಒಂದು ಹೂ ಕಿತ್ತು, ಇದನ್ನು ನೋಟ್‌ಬುಕ್ಕಿನಲ್ಲಿಟ್ಟುಕೋ ಎಂದು ಹುಡುಗನಿಗೆ ಕೊಡುತ್ತಾನೆ. ಅಹ್ಮದನ ಚಡಪಡಿಕೆ ನಮಗೂ ಹತ್ತುತ್ತದೆ, ಬೇಗ ನಡೆಯಬಾರದೇ ಎನ್ನಿಸುತ್ತದೆ. ಕೊನೆಗೆ ಅವನು ಕರೆದೊಯ್ದದ್ದು ಅದೇ ಹೆಸರಿನ ಬೇರೊಬ್ಬರ ಮನೆಗೆ. ಅದು ಗೆಳೆಯನ ಮನೆಯಲ್ಲವೆಂದು ಅಹ್ಮದನಿಗೆ ಗೊತ್ತಾಗುತ್ತದೆ. ಆದರೆ ಅವನು ಅದನ್ನು ಮುದುಕನಿಗೆ ಹೇಳುವುದಿಲ್ಲ. ನೋಟ್‌ಬುಕ್ಕನ್ನು ಅಂಗಿಯೊಳಗೆ ಅಡಗಿಸಿಕೊಂಡು, ಕೊಟ್ಟು ಬಂದವನಂತೆ ಮುದುಕನ ಜೊತೆ ಹಿಂದಿರುಗುತ್ತಾನೆ.

ಈ ಭಾಗವನ್ನು ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ. ಸಂಜೆಯೆಲ್ಲ ಓಡಿ ದಣಿದ ಹುಡುಗ, ತನಗೆ ಸಹಾಯ ಮಾಡಲು ಬಂದು ಸಹಾಯ ಮಾಡಲಾಗದ ಮುದುಕನ ಮನಸ್ಸು ನೋಯಬಾರದೆಂದು ತನ್ನ ಸೋಲನ್ನು ಬಚ್ಚಿಡುತ್ತಾನೆ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಅವನ ಮಾತನ್ನು ಅಂದು ಯಾವ ದೊಡ್ಡವರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಈ ಮುದುಕ ಮಾತ್ರ ಹಾಕಿಕೊಂಡಿದ್ದ. ಅಹ್ಮದ್ ಒಂದೇ ಸಂಜೆಯಲ್ಲಿ ಬೆಳೆದು ದೊಡ್ಡವನಾದ ಗಳಿಗೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಅಂದು ರಾತ್ರಿ ಅವನು ಊಟ ಬೇಡವೆನ್ನುತ್ತಾನೆ, ಬರೆಯಲು ಕೂರುತ್ತಾನೆ, ಗಾಳಿಗೆ ಬಾಗಿಲು ದಡಕ್ಕನೆ ತೆರೆದುಕೊಳ್ಳುತ್ತದೆ. ಮರುದಿನ ತರಗತಿಯಲ್ಲಿ ಏನಾಯಿತೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ನೋಡುವವರ ಸಂತೋಷವನ್ನು ಕಸಿದುಕೊಳ್ಳಬಾರದು. ಮುದುಕ ಕೊಟ್ಟ ಹೂವನ್ನು ಮರೆಯದಿರಿ ಎಂದಷ್ಟೇ ಹೇಳುತ್ತೇನೆ. ನಮ್ಮ ಹುಡುಗಿ ಆ ಕೊನೆಯ ಕ್ಷಣದಲ್ಲಿ ಚಪ್ಪಾಳೆ ಹೊಡೆದಳು.

ಚಿತ್ರದ ಹೆಸರು ಪರ್ಷಿಯನ್ ಕವಿ ಸೊಹ್ರಾಬ್ ಸೆಪೆಹ್ರಿಯವರ ಕವಿತೆಯೊಂದರಿಂದ ಬಂದದ್ದು. ಇದನ್ನು ನಿರ್ಮಿಸಿದ ‘ಕಾನೂನ್’ ಮಕ್ಕಳ ಮತ್ತು ಕಿಶೋರರ ಬೌದ್ಧಿಕ ಬೆಳವಣಿಗೆಗೆಂದು ಕಟ್ಟಿದ ಸಂಸ್ಥೆ. ಕಿಯಾರೊಸ್ತಮಿ ಅಲ್ಲಿ ಚಲನಚಿತ್ರ ವಿಭಾಗವನ್ನು ಕಟ್ಟಿ, 1970ರಿಂದ ಮಕ್ಕಳ ಕುರಿತ ಕಿರುಚಿತ್ರಗಳನ್ನು ಮಾಡುತ್ತಾ ಬಂದಿದ್ದರು. ಅಹ್ಮದ್ ಮತ್ತು ಅವನ ಗೆಳೆಯನಾಗಿ ನಟಿಸಿದವರು ನಿಜ ಜೀವನದಲ್ಲಿ ಅಣ್ಣತಮ್ಮಂದಿರು. ಚಿತ್ರಕ್ಕೆ 1989ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಕಂಚಿನ ಚಿರತೆ ಪ್ರಶಸ್ತಿ ಬಂತು.

1990ರ ಜೂನಿನಲ್ಲಿ ಆ ಪ್ರದೇಶದಲ್ಲಿ ಭೀಕರ ಭೂಕಂಪವಾಯಿತು, ಸಾವಿರಾರು ಜನ ಸತ್ತರು, ಕೋಕೆರ್ ನೆಲಸಮವಾಯಿತು. ಕಿಯಾರೊಸ್ತಮಿ ತಮ್ಮ ಮಗನನ್ನು ಕರೆದುಕೊಂಡು ಆ ಹುಡುಗರು ಬದುಕಿದ್ದಾರೆಯೇ ಎಂದು ಹುಡುಕುತ್ತಾ ಕಾರಿನಲ್ಲಿ ಹೊರಟರು. ತಮ್ಮ ಚಿತ್ರದಲ್ಲಿ ನಟಿಸಿದ ಮಕ್ಕಳಿಗಾಗಿ ನಿರ್ದೇಶಕನೊಬ್ಬ ಮುರಿದ ರಸ್ತೆಗಳಲ್ಲಿ ಹೀಗೆ ಹೋಗುವುದು ಅಹ್ಮದನ ಓಟಕ್ಕಿಂತ ಬೇರೆಯೇನಲ್ಲ. ಆ ಪ್ರಯಾಣವೇ 1992ರ ಚಿತ್ರವಾಯಿತು. ಅದರ ಕೊನೆಯಲ್ಲಿ ಕಾರು ಕಡಿದಾದ ಏರನ್ನು ಹತ್ತಲಾಗದೆ ನಿಲ್ಲುತ್ತದೆ. ಗ್ಯಾಸ್ ಸಿಲಿಂಡರ್ ಹೊತ್ತು ಅದೇ ಏರಿನಲ್ಲಿ ನಡೆಯುತ್ತಿದ್ದ ಒಬ್ಬನನ್ನು ಸ್ವಲ್ಪ ಮೊದಲು ಆ ಕಾರು ನಿಲ್ಲಿಸದೆ ದಾಟಿ ಹೋಗಿತ್ತು. ಅವನೇ ಈಗ ಕಾರನ್ನು ತಳ್ಳಿಕೊಡುತ್ತಾನೆ. ಕಾರು ಕೆಳಗಿಳಿದು, ವೇಗ ಹೆಚ್ಚಿಸಿಕೊಂಡು ಏರನ್ನು ಹತ್ತಿ, ಈ ಸಲ ಅವನಿಗಾಗಿ ನಿಂತು ಅವನನ್ನು ಹತ್ತಿಸಿಕೊಳ್ಳುತ್ತದೆ. 1994ರಲ್ಲಿ ಅದೇ ಪ್ರದೇಶದಲ್ಲಿ ಇನ್ನೊಂದು ಚಿತ್ರ ಬಂತು. ಆ ಇಬ್ಬರು ಹುಡುಗರು ಅದರಲ್ಲಿ ಕಾಣಿಸಿಕೊಳ್ಳುತ್ತಾರೆ, ಸ್ವಲ್ಪ ಬೆಳೆದಿದ್ದಾರೆ.

ಮೊದಲ ಚಿತ್ರದ ಅವಧಿ ಒಂದೂವರೆ ಗಂಟೆಗೂ ಕಡಿಮೆ. ಸಬ್‌ಟೈಟಲ್ ಇಂಗ್ಲಿಷಿನಲ್ಲಿರುವುದರಿಂದ ಚಿಕ್ಕ ಮಕ್ಕಳಿಗೆ ಓದುವುದು ಕಷ್ಟವಾಗಬಹುದು. ನಾನು ಪ್ರತಿ ಸಾಲನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋದೆ. ಮಾತು ಕಡಿಮೆಯಿರುವ ಚಿತ್ರವಾದ್ದರಿಂದ ಅದೇನೂ ತೊಡಕಾಗಲಿಲ್ಲ. ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರು ಯಾವುದಾದರೂ ಶನಿವಾರ ಐದನೆಯ ತರಗತಿಯ ಮೇಲಿನ ಮಕ್ಕಳಿಗೆ ಇದನ್ನು ತೋರಿಸಬೇಕೆಂದು ನನ್ನ ಮನವಿ. ನಡುವೆ ನಿಲ್ಲಿಸಿ ಅರ್ಥ ವಿವರಿಸುವ ಅಗತ್ಯವಿಲ್ಲ. ಅಮ್ಮ ಮತ್ತು ಅಹ್ಮದನ ಸನ್ನಿವೇಶ ಬಂದಾಗ ಮಕ್ಕಳು ತಾವಾಗಿಯೇ ಮಾತಾಡತೊಡಗುತ್ತಾರೆ. ಆಗ ಸುಮ್ಮನಿರಿ ಎಂದು ಹೇಳದೆ ಅವರನ್ನು ಮಾತಾಡಲು ಬಿಡಿ, ಚಿತ್ರವನ್ನು ಬೇಕಾದರೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರಾಯಿತು.