ಬಫರ್ ಬಾಟಲಿ ಬೆಚ್ಚಗಿತ್ತು

ಇವತ್ತು ಮಧ್ಯಾಹ್ನ ಲ್ಯಾಬಿನಾಗ ಬಫರ್ ಬಾಟಲಿ ಮುಟ್ಟಿದ್ರ ಬೆಚ್ಚಗಿತ್ತು. ಕಲಬುರಗಿ ಬಿಸಿಲು, ಇನ್ನೇನು.

ಆದ್ರ ಪಿಎಚ್ (ಆಮ್ಲ-ಕ್ಷಾರದ ಅಳತಿ) ಮೀಟರಿಗೆ ಇದು ಸಣ್ಣ ಮಾತಲ್ಲ. ಬಫರ್ ಅಂದ್ರ ಪಿಎಚ್ ಮೊದಲೇ ಗೊತ್ತಿರೋ ದ್ರಾವಣ, ಮೀಟರ್ ಸೆಟ್ ಮಾಡೋದು ಇದರಿಂದನೇ. ಲೇಬಲ್ ಮ್ಯಾಲ 9.18 ಅಂತ ಇರೋ ಬೋರಾಕ್ಸ್ ಬಫರ್ 25 ಡಿಗ್ರಿಗಷ್ಟೇ 9.18. 40 ಡಿಗ್ರಿಗೆ ಅದು 9.07.
ಬಫರ್ ತಾನಾಗೇ ಗುರುತಿಸದ ಮೀಟರ್ ಇದ್ರ, ಬಾಟಲಿ ಮ್ಯಾಲಿನ ಪಟ್ಟಿ ನೋಡಿ ಆ ಹೊತ್ತಿನ ತಾಪಮಾನದ ಬೆಲೆನೇ ಹಾಕ್ರಿ. ತಾಪಮಾನದ ಪ್ರೋಬ್ ಅದ ಅಂತ ಬಿಡಬ್ಯಾಡ್ರಿ. ಅದು ಸರಿಮಾಡೋದು ಸ್ಲೋಪ್ ಮಾತ್ರ, ಅಂದ್ರ ಪಿಎಚ್ ಒಂದು ಬದಲಾದ್ರ ಎಲೆಕ್ಟ್ರೋಡಿನ ವೋಲ್ಟೇಜ್ ಎಷ್ಟು ಬದಲಾಗತದ ಅನ್ನೋದು: ಒಂದು ಪಿಎಚ್‌ಗೆ 25 ಡಿಗ್ರಿಯಾಗ 59.16 ಮಿಲಿವೋಲ್ಟ್, 40ರಾಗ ಸುಮಾರು 62.1.

ಇನ್ನೊಂದು. ನಮ್ಮ ಎರಿ ಹೊಲದ ಮಣ್ಣು ಹೆಚ್ಚಾಗಿ 8ರ ಆಸುಪಾಸು, ಕ್ಷಾರದ ಕಡೆ. ಅದಕ್ಕ 7 ಮತ್ತು 9.2ರ ಬಫರೇ ಬೇಕು. 4 ಮತ್ತು 7ಕ್ಕ ಸೆಟ್ ಮಾಡಿ ಈ ಮಣ್ಣು ಅಳೆಯೋದು ನನಗಂತೂ ಒಪ್ಪಿಗಿಲ್ಲ.

ಅಳಿಯೋ ಮುಂಚೆ ಮಣ್ಣು ಹದ ಮಾಡೋದು ಹಿಂಗ: 10 ಗ್ರಾಂ ಮಣ್ಣು, 25 ಮಿಲಿ ಡಿಸ್ಟಿಲ್ಡ್ ನೀರು, ಆಗಾಗ ಕಲಸುತ್ತಾ ಅರ್ಧ ತಾಸು. ಎರಿ ಮಣ್ಣಿನ ಜಿಗಿ ಎಲೆಕ್ಟ್ರೋಡಿನ (ಅದ್ದೋ ಕಡ್ಡಿ) ಜಂಕ್ಷನ್ನಿಗೆ, ಅಂದ್ರ ಒಳಗಿನ ದ್ರಾವಣ ಹೊರಗಿನದಕ್ಕ ತಾಗೋ ಸಣ್ಣ ಜಾಗಕ್ಕ, ಮೆತ್ತಿಕೊಂಡ್ರ ರೀಡಿಂಗ್ ನಿಲ್ಲೋದೇ ಇಲ್ಲ, ಜಾರ್ತಾನೇ ಇರತದ. ಪ್ರತಿ ಸ್ಯಾಂಪಲ್ ಆದ ಮ್ಯಾಲ ತೊಳೀರಿ, ಟಿಶ್ಯೂನಿಂದ ಒತ್ತಿ ನೀರು ತಗೀರಿ. ಎಲೆಕ್ಟ್ರೋಡಿನ ತುದಿಯ ಗಾಜಿನ ಗುಂಡು ಉಜ್ಜಬಾರದು.

ಕೆಲಸ ಮುಗದ ಮ್ಯಾಲ ಎಲೆಕ್ಟ್ರೋಡ್ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಾಗ ಇಡ್ರಿ, ಡಿಸ್ಟಿಲ್ಡ್ ನೀರಿನಾಗ ಬ್ಯಾಡ. ಟೊಪ್ಪಿಗಿ ಸುತ್ತ ಬಿಳಿ ಉಪ್ಪು ಕಟ್ಟಿದ್ರ ಗಾಬರಿ ಆಗಬ್ಯಾಡ್ರಿ, ತೊಳದ್ರ ಹೋಗತದ.